ಬೆಕ್ಕು, ನಾಯಿಗೆ ಹಾಕುವ ಹಸಿ ಮಾಂಸಕ್ಕೆ ನೊಣ: ಕರ್ಪೂರ, ಲವಂಗ, ನೀರಿನ ಚೀಲ ಕೆಲಸ ಮಾಡುತ್ತವೆಯೇ?

ಮನೆಯಲ್ಲಿ ಬೆಕ್ಕೋ ನಾಯಿಯೋ ಇದ್ದು, ಅದಕ್ಕೆ ಕೋಳಿ ಅಂಗಡಿಯಿಂದ ಹಸಿ ಮಾಂಸ ತಂದು ಹಾಕುವ ಅಭ್ಯಾಸವಿದ್ದರೆ ಎರಡು ಕಷ್ಟಗಳು ನಿಮಗೆ ಗೊತ್ತೇ ಇರುತ್ತವೆ. ಒಂದು ನೊಣ. ಇನ್ನೊಂದು, ಎಷ್ಟು ಒರೆಸಿದರೂ ಹೋಗದ ವಾಸನೆ. ಇವಕ್ಕೆ ವಾಟ್ಸಾಪ್‌ನಲ್ಲಿ ಪರಿಹಾರಗಳ ಬರವೇನಿಲ್ಲ. ನಿಂಬೆಹಣ್ಣಿಗೆ ಲವಂಗ ಚುಚ್ಚಿಡಿ, ಬಟ್ಟಲಿನ ಪಕ್ಕ ಕರ್ಪೂರ ಇಡಿ, ಬಾಗಿಲಿಗೆ ನೀರು ತುಂಬಿದ ಪ್ಲಾಸ್ಟಿಕ್ ಚೀಲ ಕಟ್ಟಿ, ನೆಲವನ್ನು ಫಿನಾಯಿಲ್ ಹಾಕಿ ಒರೆಸಿ, ಮೂಲೆಗೆ ನುಸಿಗುಳಿಗೆ ಹಾಕಿ. ಕೊನೆಗೆ ಎಲ್ಲರಿಗೂ ಕಳುಹಿಸಿ ಎಂಬ ಮನವಿ ಬೇರೆ.

ಇವುಗಳಲ್ಲಿ ಕೆಲವು ಬರೀ ಉಪಯೋಗವಿಲ್ಲದ ಸಲಹೆಗಳು. ಅವನ್ನು ಪಾಲಿಸಿದರೆ ಒಂದು ನಿಂಬೆಹಣ್ಣು ದಂಡವಾಗುತ್ತದೆ, ಅಷ್ಟೆ. ಆದರೆ ಎರಡು ಮೂರು ಸಲಹೆಗಳು ಬೆಕ್ಕಿನ ಪ್ರಾಣವನ್ನೇ ತೆಗೆಯಬಲ್ಲವು. ಹಾಗಾಗಿ ಯಾವುದು ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ, ಯಾವುದನ್ನು ಮನೆಯೊಳಗೇ ತರಬಾರದು ಎಂದು ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು ವಾಸನೆ ಎಲ್ಲಿಂದ ಬರುತ್ತದೆ, ನೊಣ ಯಾಕೆ ಬರುತ್ತದೆ ಎಂಬುದು ತಿಳಿದಿರಬೇಕು.

ವಾಸನೆ ಎಲ್ಲಿಂದ ಬರುತ್ತದೆ?

ಆಗಷ್ಟೇ ಕತ್ತರಿಸಿದ ಮಾಂಸಕ್ಕೆ ಹೆಚ್ಚು ವಾಸನೆ ಇರುವುದಿಲ್ಲ. ನಾವು ಮೂಗು ಮುಚ್ಚಿಕೊಳ್ಳುವ ನಾತ ಬರುವುದು ಮಾಂಸದ ಮೇಲೆ ಬೆಳೆಯುವ ಬ್ಯಾಕ್ಟೀರಿಯಾಗಳಿಂದ. ಅವು ಮಾಂಸದ ಪ್ರೋಟೀನನ್ನು ಒಡೆದಾಗ ಪುಟ್ರೆಸಿನ್, ಕಡಾವರಿನ್ ಎಂಬ ಅಮೈನ್‌ಗಳು ಹುಟ್ಟುತ್ತವೆ. ಹೆಸರು ಕೇಳಿದರೇ ಗೊತ್ತಾಗುತ್ತದೆ: ಒಂದು ಕೊಳೆಯುವುದಕ್ಕೆ, ಇನ್ನೊಂದು ಹೆಣಕ್ಕೆ ಸಂಬಂಧಿಸಿದ ಲ್ಯಾಟಿನ್ ಪದದಿಂದ ಬಂದದ್ದು. ಜೊತೆಗೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್‌ನಂತಹ ಗಂಧಕದ ಸಂಯುಕ್ತಗಳೂ ಸೇರಿಕೊಳ್ಳುತ್ತವೆ.

ಬ್ಯಾಕ್ಟೀರಿಯಾಗಳಿಗೆ ಮುಖ್ಯವಾಗಿ ಬೇಕಾದದ್ದು ಬೆಚ್ಚಗಿನ ಜಾಗ ಮತ್ತು ಸಮಯ. ಅನುಕೂಲಕರ ವಾತಾವರಣದಲ್ಲಿ ಇ. ಕೋಲಿಯಂತಹ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಲೆಕ್ಕ ಹಾಕಿ ನೋಡಿ: ಬಟ್ಟಲಿನಲ್ಲಿ 1,000 ಇದ್ದದ್ದು ಒಂದು ಗಂಟೆಗೆ 8,000 ಆಗುತ್ತದೆ. ನಾಲ್ಕು ಗಂಟೆಗೆ 40 ಲಕ್ಷ ದಾಟುತ್ತದೆ. ಬೆಳಗ್ಗೆ ಆಫೀಸಿಗೆ ಹೊರಡುವಾಗ ಹಾಕಿದ ಮಾಂಸ ಮಧ್ಯಾಹ್ನದ ಹೊತ್ತಿಗೆ ನಾರುವುದು ಇದರಿಂದಲೇ. ಆಹಾರ ಸುರಕ್ಷತೆಯ ನಿಯಮಗಳು 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣಾಂಶವನ್ನು ಅಪಾಯದ ವಲಯ ಎನ್ನುತ್ತವೆ. ಹಸಿ ಮಾಂಸ ಫ್ರಿಜ್‌ನಿಂದ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಸುತ್ತಲಿನ ಬಿಸಿ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ ಎಂಬುದು ಅಮೆರಿಕದ ಕೃಷಿ ಇಲಾಖೆ ಮನುಷ್ಯರ ಆಹಾರಕ್ಕೆ ಹೇಳುವ ಲೆಕ್ಕ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಹೊಸತೇನಲ್ಲ. ಏಪ್ರಿಲ್‌ನಲ್ಲಿ ಬೆಂಗಳೂರೂ 32ರ ಮೇಲೇ ಇರುತ್ತದೆ. ಹಾಗಾಗಿ ನಮ್ಮಲ್ಲಿ ಬೇಸಿಗೆಗೆ ಒಂದು ಗಂಟೆಯ ಲೆಕ್ಕವೇ ಸರಿ.

ಇಲ್ಲಿ ಬಹಳ ಜನ ನಂಬಿರುವ ಒಂದು ತಪ್ಪು ಕಲ್ಪನೆಯಿದೆ. "ವಾಸನೆ ಬಂದಿಲ್ಲ, ಅಂದರೆ ಚೆನ್ನಾಗಿದೆ." ಇದು ಸರಿಯಲ್ಲ. ಮಾಂಸವನ್ನು ನಾರುವಂತೆ ಮಾಡುವ ಬ್ಯಾಕ್ಟೀರಿಯಾಗಳೇ ಬೇರೆ, ಕಾಯಿಲೆ ತರುವ ಬ್ಯಾಕ್ಟೀರಿಯಾಗಳೇ ಬೇರೆ. ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್ ಇರುವ ಕೋಳಿ ನೋಡುವುದಕ್ಕೂ ಮೂಸುವುದಕ್ಕೂ ತಾಜಾ ಕೋಳಿಯಂತೆಯೇ ಇರಬಹುದು. ವಾಸನೆ ಬಂದರೆ ಖಂಡಿತ ಎಸೆಯಿರಿ. ವಾಸನೆ ಬಾರದಿದ್ದರೆ ಸುರಕ್ಷಿತ ಎಂದು ಮಾತ್ರ ತಿಳಿಯಬೇಡಿ.

ಹುಳ ಮಾಂಸದೊಳಗಿಂದ ಹುಟ್ಟುತ್ತದೆಯೇ?

"ಸಂಜೆ ನೋಡಿದರೆ ಮಾಂಸದಲ್ಲಿ ಹುಳ ಎದ್ದಿತ್ತು" ಎನ್ನುತ್ತೇವೆ. ಮಾಂಸವೇ ಹುಳವಾಯಿತು ಎನ್ನುವ ಹಾಗೆ. ಯುರೋಪಿನಲ್ಲೂ ಶತಮಾನಗಳ ಕಾಲ ಜನ ಹಾಗೆಯೇ ನಂಬಿದ್ದರು. ಇಟಲಿಯ ವೈದ್ಯ ಫ್ರಾನ್ಸೆಸ್ಕೊ ರೆಡಿ ಇದನ್ನು ಪರೀಕ್ಷಿಸಿ 1668ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಂಸವಿಟ್ಟ ಕೆಲವು ಜಾಡಿಗಳನ್ನು ತೆರೆದಿಟ್ಟರು, ಕೆಲವನ್ನು ಮುಚ್ಚಿದರು, ಕೆಲವಕ್ಕೆ ತೆಳು ಬಟ್ಟೆ ಕಟ್ಟಿದರು. ತೆರೆದ ಜಾಡಿಯ ಮಾಂಸದಲ್ಲಿ ಹುಳ ಬಂತು. ಬಟ್ಟೆ ಕಟ್ಟಿದ ಜಾಡಿಯ ಮಾಂಸದಲ್ಲಿ ಬರಲಿಲ್ಲ. ಆದರೆ ವಾಸನೆ ಹಿಡಿದು ಬಂದ ನೊಣಗಳು ಆ ಬಟ್ಟೆಯ ಮೇಲೇ ಮೊಟ್ಟೆ ಇಟ್ಟಿದ್ದವು.

ಮೂರೂವರೆ ಶತಮಾನದ ಹಿಂದಿನ ಈ ಪ್ರಯೋಗ ಇವತ್ತಿಗೂ ಅಡುಗೆಮನೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಜಾಲರಿ ಮುಚ್ಚಳ ಮುಚ್ಚಿದರೆ ನೊಣ ಮಾಂಸದ ಮೇಲೆ ಕೂರುವುದಿಲ್ಲ, ನಿಜ. ಆದರೆ ವಾಸನೆ ಹೊರಬರುತ್ತಿರುವ ತನಕ ಅವು ಮುಚ್ಚಳದ ಸುತ್ತ ಸುತ್ತುತ್ತವೆ. ಜಾಲರಿ ಮಾಂಸಕ್ಕೆ ತಾಗಿಕೊಂಡಿದ್ದರೆ ಅದರ ಮೇಲೆ ಇಟ್ಟ ಮೊಟ್ಟೆ ಒಡೆದು ಮರಿಹುಳ ಕೆಳಗಿಳಿಯಲೂಬಹುದು.

ನಮ್ಮ ಮನೆಗಳಿಗೆ ಬರುವ ನೊಣಗಳಲ್ಲೂ ಬಗೆಬಗೆ ಇವೆ. ಸಾಮಾನ್ಯ ಮನೆನೊಣ ಒಂದು ಸಲಕ್ಕೆ ನೂರರ ಆಸುಪಾಸು ಮೊಟ್ಟೆ ಇಡುತ್ತದೆ. ಅವು 8ರಿಂದ 24 ಗಂಟೆಯೊಳಗೆ ಒಡೆಯುತ್ತವೆ. ಬೆಚ್ಚಗಿದ್ದರೆ ಏಳರಿಂದ ಹತ್ತು ದಿನಕ್ಕೆ ಹೊಸ ನೊಣ ಸಿದ್ಧ. ಮೈ ಹಸಿರು ಅಥವಾ ನೀಲಿಯಾಗಿ ಫಳಫಳ ಹೊಳೆಯುವ ದೊಡ್ಡ ನೊಣವನ್ನೂ ಮಾಂಸದಂಗಡಿಯ ಮುಂದೆ ನೀವು ನೋಡಿರುತ್ತೀರಿ. ಕೊಳೆಯುವ ಮಾಂಸದ ಗಂಧಕದ ವಾಸನೆಯನ್ನು ದೂರದಿಂದಲೇ ಹಿಡಿಯುವುದರಲ್ಲಿ ಅದು ನಿಪುಣ. ಇನ್ನು ಬೂದು ಬಣ್ಣದ, ಬೆನ್ನ ಮೇಲೆ ಕಪ್ಪು ಪಟ್ಟೆಯಿರುವ ಮಾಂಸದ ನೊಣವಂತೂ ಮೊಟ್ಟೆಯ ಬದಲು ಜೀವಂತ ಮರಿಹುಳಗಳನ್ನೇ ಬಿಟ್ಟು ಹೋಗುತ್ತದೆ. "ಅರ್ಧ ಗಂಟೆಯಲ್ಲಿ ಹುಳ ಬಂತು" ಎಂದು ಯಾರಾದರೂ ಹೇಳಿದರೆ ಸುಳ್ಳೆನ್ನಬೇಡಿ. ಅದು ಈ ನೊಣದ ಕೆಲಸವಿರಬಹುದು.

ಇದರಿಂದ ತಿಳಿಯುವುದು ಇಷ್ಟು. ನೊಣದ ಕಾಟವೂ ವಾಸನೆಯ ಕಾಟವೂ ಎರಡಲ್ಲ, ಒಂದೇ. ಮಾಂಸ ಹೊರಗಿದ್ದ ಸಮಯವೇ ಎರಡಕ್ಕೂ ಮೂಲ. ಫಾರ್ವರ್ಡ್‌ಗಳಲ್ಲಿ ಬರುವ ಹೆಚ್ಚಿನ ಸಲಹೆಗಳು ಇನ್ನೊಂದು ವಾಸನೆ ತಂದು ಇದನ್ನು ಮುಚ್ಚಲು ಹೇಳುತ್ತವೆಯೇ ಹೊರತು ಸಮಯದ ಮಾತೇ ಎತ್ತುವುದಿಲ್ಲ.

ಮಾಂಸ ಬಚ್ಚಿಡುವ ಫೆರೆಟ್

ಈ ಕಷ್ಟವನ್ನು ಎಲ್ಲರಿಗಿಂತ ಹೆಚ್ಚು ಅನುಭವಿಸುವವರು ಬಹುಶಃ ಅಮೆರಿಕ, ಯುರೋಪಿನ ಫೆರೆಟ್ ಸಾಕುವವರು. ಫೆರೆಟ್ ಎಂದರೆ ಉದ್ದ ಮೈಯ, ಗಿಡ್ಡ ಕಾಲಿನ ಪುಟ್ಟ ಮಾಂಸಾಹಾರಿ. ನೋಡಲು ಮುಂಗುಸಿಯಂತಿದ್ದರೂ ಅದು ಮುಂಗುಸಿಯ ಕುಟುಂಬಕ್ಕೆ ಸೇರಿದ್ದಲ್ಲ. ಕಾವೇರಿ, ತುಂಗಭದ್ರೆಯ ನೀರುನಾಯಿಗೆ ಅದು ನೆಂಟ. ಮೊಲದ ಬೇಟೆಗೆಂದು ಯುರೋಪಿನವರು ಪಳಗಿಸಿದ ಈ ಪ್ರಾಣಿಯ ವೈಜ್ಞಾನಿಕ ಹೆಸರು ಮುಸ್ಟೆಲಾ ಪುಟೋರಿಯಸ್ ಫ್ಯೂರೊ. ಅದರಲ್ಲಿ ನಾತವೂ ಇದೆ, ಕಳ್ಳತನವೂ ಇದೆ: ಪುಟೋರಿಯಸ್ ಎಂಬುದು ದುರ್ವಾಸನೆಯ ಪದದಿಂದ, ಫ್ಯೂರೊ ಎಂಬುದು ಕಳ್ಳ ಎಂಬ ಪದದಿಂದ ಬಂದವು.

ಎರಡೂ ಹೆಸರಿಗೆ ತಕ್ಕಂತೆ ಅದು ನಡೆದುಕೊಳ್ಳುತ್ತದೆ. ತಿಂದು ಉಳಿದ ಮಾಂಸವನ್ನು ಸೋಫಾದ ಕೆಳಗೆ, ಹಾಸಿಗೆಯ ಮಡಿಕೆಯಲ್ಲಿ, ಬೀರುವಿನ ಹಿಂದೆ ಬಚ್ಚಿಡುತ್ತದೆ. ಕಾಡಿನಲ್ಲಿ ಬದುಕುಳಿಯಲು ನೆರವಾದ ಗುಣ ಮನೆಯಲ್ಲಿ ನೊಣಗಳಿಗೆ ಔತಣವಾಗುತ್ತದೆ. ಅದರ ಕರುಳು ಗಿಡ್ಡ, ತಿಂದದ್ದು ಮೂರು ನಾಲ್ಕು ಗಂಟೆಯಲ್ಲಿ ಹೊರಬರುತ್ತದೆ. ಹಾಗಾಗಿ ದಿನಕ್ಕೆ ಹಲವು ಸಲ ತಿನ್ನಲು ಬೇಕು. ಅಂದರೆ ಮಾಂಸ ಹೊರಗಿಡಬೇಕಾದ ಸಂದರ್ಭಗಳೂ ಹಲವು. ಅದರ ಮೈಯ ಚರ್ಮದ ಗ್ರಂಥಿಗಳಿಂದಲೂ ಕಸ್ತೂರಿಯಂತಹ ಘಾಟು ಬರುತ್ತದೆ. ಆ ಘಾಟು ಹೋಗಲೆಂದು ಪದೇ ಪದೇ ಸ್ನಾನ ಮಾಡಿಸಿದರೆ ಚರ್ಮ ಇನ್ನಷ್ಟು ಎಣ್ಣೆ ಬಿಟ್ಟು ವಾಸನೆ ಹೆಚ್ಚಾಗುತ್ತದೆ. ಅಂದರೆ ಎಲ್ಲ ವಾಸನೆಯೂ ಮಾಂಸದ್ದೇ ಅಲ್ಲ, ತೊಳೆದರೆ ಹೋಗುವಂಥದ್ದೂ ಅಲ್ಲ.

ಅನುಭವಿ ಫೆರೆಟ್ ಸಾಕಣೆದಾರರು ಅನುಸರಿಸುವ ಕ್ರಮ ಸರಳ. ಒಂದೇ ಜಾಗದಲ್ಲಿ, ಮುಚ್ಚಿದ ಗೂಡಿನೊಳಗೆ ತಿನ್ನಿಸುತ್ತಾರೆ. ಒಂದು ಹೊತ್ತಿಗೆ ತಿನ್ನುವಷ್ಟನ್ನೇ ಹಾಕುತ್ತಾರೆ. ತಿಂದ ಮೇಲೆ ಅದರ ಅಡಗುತಾಣಗಳನ್ನು ಪ್ರತಿದಿನ ಹುಡುಕುತ್ತಾರೆ. ನಮ್ಮ ಬೆಕ್ಕೂ ಕೋಳಿಯ ಕಾಲನ್ನು ಕಚ್ಚಿಕೊಂಡು ಮಂಚದ ಕೆಳಗೆ ಹೋಗುವುದಿದೆ. ನಾಯಿ ಎಲುಬನ್ನು ಹಿತ್ತಲಲ್ಲಿ ಹೂಳುತ್ತದೆ. "ಎಲ್ಲಾ ತೊಳೆದರೂ ವಾಸನೆ ಹೋಗ್ತಿಲ್ಲ" ಎನ್ನುವ ಮನೆಗಳಲ್ಲಿ ಮೊದಲು ಮಾಡಬೇಕಾದ ಕೆಲಸ ಟಾರ್ಚ್ ಹಿಡಿದು ಸೋಫಾ, ಮಂಚದ ಕೆಳಗೆ ನೋಡುವುದು.

ಈಗ ಫಾರ್ವರ್ಡ್‌ಗಳನ್ನು ಒಂದೊಂದಾಗಿ ನೋಡೋಣ

ನೀರು ತುಂಬಿದ ಚೀಲ. ಹೋಟೆಲು, ಮಾಂಸದಂಗಡಿಗಳ ಮುಂದೆ ತೂಗುವ ಈ ಚೀಲದಲ್ಲಿ ಬೆಳಕು ಒಡೆದು ನೊಣದ ಕಣ್ಣಿಗೆ ಗೊಂದಲವಾಗುತ್ತದೆ ಎಂಬುದು ವಾದ. ಕೇಳಲು ವೈಜ್ಞಾನಿಕವಾಗಿಯೇ ಇದೆ. ಆದರೆ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಕೀಟತಜ್ಞರೊಬ್ಬರು ಮೊಟ್ಟೆ ಉದ್ಯಮದ ಕೋಣೆಗಳಲ್ಲಿ ಇದನ್ನು ಪರೀಕ್ಷಿಸಿದಾಗ ಚೀಲ ಕಟ್ಟಿದ ಕಡೆ ನೊಣ ಕಡಿಮೆಯಾಗುವ ಬದಲು ಹೆಚ್ಚೇ ಕಂಡುಬಂದವು. ಅಪಾಯವಿಲ್ಲ, ಪ್ರಯೋಜನವೂ ಇಲ್ಲ.

ನಿಂಬೆ ಮತ್ತು ಲವಂಗ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಕೀಟಗಳಿಗೆ ಹಿಡಿಸದು ಎಂಬುದು ನಿಜ. ಆದರೆ ನಿಂಬೆಗೆ ಚುಚ್ಚಿದ ಹತ್ತು ಲವಂಗದಿಂದ ಗಾಳಿಗೆ ಬರುವ ಪ್ರಮಾಣ ಬಹಳ ಕಡಿಮೆ. ಪಕ್ಕದಲ್ಲೇ ಮಾಂಸವಿದ್ದರೆ ನೊಣ ಅದನ್ನು ಲೆಕ್ಕಕ್ಕಿಟ್ಟುಕೊಳ್ಳುವುದಿಲ್ಲ. ಇದು ಸಾಲದು ಎಂದು ಲವಂಗದ ಎಣ್ಣೆಯನ್ನೇ ತಂದು ಬಟ್ಟಲಿನ ಸುತ್ತ ಸಿಂಪಡಿಸಿದರೆ ಸಮಸ್ಯೆ ಶುರು. ಯೂಜಿನಾಲ್ ಕೂಡ ಫೀನಾಲ್ ಗುಂಪಿಗೆ ಸೇರಿದ್ದು. ಬೆಕ್ಕಿಗೆ ಅದು ಯಾಕೆ ಕೆಟ್ಟದ್ದು ಎಂಬುದು ಮುಂದೆ ಬರುತ್ತದೆ.

ಆದರೆ ನಿಂಬೆಗೆ ಬೇರೊಂದು ಕಡೆ ನಿಜವಾದ ಉಪಯೋಗವಿದೆ. ಕರಾವಳಿಯ ಮನೆಗಳಲ್ಲಿ ಮೀನು ತೊಳೆಯುವಾಗ ನಿಂಬೆ, ಹುಣಸೆ, ಪುನರ್ಪುಳಿ ಹಾಕುವುದು ನಿಮಗೆ ಗೊತ್ತಿರಬಹುದು. ಮೀನಿನ ವಾಸನೆಗೆ ಕಾರಣವಾದ ಟ್ರೈಮಿಥೈಲ್‌ಅಮೈನ್ ಒಂದು ಕ್ಷಾರ. ಹುಳಿ ಸೇರಿದಾಗ ಅದು ಲವಣವಾಗಿ ಬದಲಾಗಿ ಗಾಳಿಗೆ ಹಾರದೆ ನೀರಿನೊಡನೆ ತೊಳೆದುಹೋಗುತ್ತದೆ. ಇದು ಮೂಢನಂಬಿಕೆಯಲ್ಲ, ರಸಾಯನಶಾಸ್ತ್ರವೇ. ಬೆಕ್ಕಿಗೆ ಮೀನು ಹಾಕಿದ ಬಟ್ಟಲು, ಕತ್ತರಿಸುವ ಮಣೆ, ನಿಮ್ಮ ಕೈ ಇವನ್ನು ಸೋಪಿನಿಂದ ತೊಳೆದ ಮೇಲೆ ಹುಣಸೆ ಅಥವಾ ನಿಂಬೆ ಉಜ್ಜಿದರೆ ವಾಸನೆ ಹೋಗುತ್ತದೆ. ಗಂಧಕದ ವಾಸನೆಯ ಮೇಲೆ ಹುಳಿಗೆ ಇಷ್ಟು ಹಿಡಿತವಿಲ್ಲ. ಬ್ಯಾಕ್ಟೀರಿಯಾ ಕೊಲ್ಲುವ ಕೆಲಸವನ್ನೂ ಅದರಿಂದ ನಿರೀಕ್ಷಿಸಬೇಡಿ.

ಕರ್ಪೂರ ಮತ್ತು ನುಸಿಗುಳಿಗೆ. ಇವೆರಡೂ ಬೇಡವೇ ಬೇಡ. ಕರ್ಪೂರ ತಿಂದ ನಾಯಿ, ಬೆಕ್ಕಿಗೆ ವಾಂತಿ, ಫಿಟ್ಸ್ ಬರಬಹುದು. ನ್ಯಾಫ್ತಲೀನ್ ನುಸಿಗುಳಿಗೆ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಬೆಕ್ಕುಗಳಿಗೆ ಇದರ ವಿಷ ಬೇಗ ಏರುತ್ತದೆ. ನಾಯಿಗಳಂತೂ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತವೆ. ಊಟದ ಬಟ್ಟಲಿನ ಪಕ್ಕದಲ್ಲೇ ಇಡಿ ಎಂದು ಹೇಳುವ ಸಂದೇಶ ಬರೆದವರು ಈ ಬಗ್ಗೆ ಯೋಚಿಸಿಯೇ ಇಲ್ಲ.

ಫಿನಾಯಿಲ್. ನಮ್ಮ ಮನೆಗಳಲ್ಲಿ ಸ್ವಚ್ಛತೆ ಎಂದರೆ ಫಿನಾಯಿಲ್ ವಾಸನೆ ಎಂಬಷ್ಟು ಅಭ್ಯಾಸವಾಗಿಬಿಟ್ಟಿದೆ. ಕಪ್ಪು ಫಿನಾಯಿಲ್‌ನಲ್ಲಿ ಫೀನಾಲ್ ಗುಂಪಿನ ರಾಸಾಯನಿಕಗಳಿವೆ. ಬಿಳಿ ಫಿನಾಯಿಲ್‌ನಲ್ಲಿ ಹೆಚ್ಚಾಗಿ ಪೈನ್ ಎಣ್ಣೆ ಇರುತ್ತದೆ. ಮನುಷ್ಯರ ಮತ್ತು ನಾಯಿಗಳ ಯಕೃತ್ತು ಇಂತಹ ರಾಸಾಯನಿಕಗಳಿಗೆ ಒಂದು ಬಗೆಯ ಸಕ್ಕರೆಯ ಅಣುವನ್ನು ಅಂಟಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಬೆಕ್ಕಿಗೆ ಆ ಕೆಲಸಕ್ಕೆ ಬೇಕಾದ ಮುಖ್ಯ ಕಿಣ್ವವೊಂದರ ಜೀನ್ ಕೆಟ್ಟುಹೋಗಿದೆ. ಮಾಂಸವನ್ನೇ ತಿಂದು ಬದುಕಿದ ಅದರ ಪೂರ್ವಜರಿಗೆ ಗಿಡಗಳ ವಿಷ ಕರಗಿಸುವ ಅಗತ್ಯ ಅಷ್ಟಾಗಿ ಬೀಳದ್ದರಿಂದ ಹೀಗಾಯಿತು ಎಂಬ ವಿವರಣೆಯಿದೆ. ಮನುಷ್ಯರ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದ್ದಕ್ಕೂ ಇದೇ ಮುಖ್ಯ ಕಾರಣ.

ಈಗ ಬೆಕ್ಕಿನ ದಿನಚರಿ ನೆನಪಿಸಿಕೊಳ್ಳಿ. ಒರೆಸಿದ ನೆಲದ ಮೇಲೆ ನಡೆಯುತ್ತದೆ, ಆಮೇಲೆ ಕೂತು ಪಾದ ನೆಕ್ಕುತ್ತದೆ. ಫಿನಾಯಿಲ್ ಅನ್ನು ಅದಕ್ಕೆ ಯಾರೂ ಕುಡಿಸಬೇಕಾಗಿಲ್ಲ.

ಬ್ಲೀಚಿಂಗ್ ಪೌಡರ್. ಸರಿಯಾಗಿ ಬಳಸಿದರೆ ಇದು ಒಳ್ಳೆಯ ಸೋಂಕುನಾಶಕ. ಆದರೆ ವಾಸನೆಗೆಂದು ಅದರ ಜೊತೆ ನಿಂಬೆ, ವಿನೆಗರ್ ಅಥವಾ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಿದರೆ ಕ್ಲೋರಿನ್ ಅನಿಲ ಬರುತ್ತದೆ. ಬೆಕ್ಕು, ನಾಯಿ ಮೂತ್ರ ಮಾಡಿದ ಜಾಗಕ್ಕೆ ನೇರವಾಗಿ ಸುರಿದರೆ ಮೂತ್ರದ ಅಮೋನಿಯಾ ಸೇರಿ ಕ್ಲೋರಮಿನ್ ಎಂಬ ಉಸಿರುಗಟ್ಟಿಸುವ ಅನಿಲವಾಗುತ್ತದೆ. ಇದು ಪ್ರಾಣಿಗಿಂತ ಮೊದಲು ಬಗ್ಗಿ ನೆಲ ಉಜ್ಜುತ್ತಿರುವವರ ಎದೆಗೆ ಹೋಗುತ್ತದೆ. ಮೊದಲು ಸೋಪು ನೀರಿನಲ್ಲಿ ತೊಳೆದು, ಆಮೇಲೆ ತೆಳುವಾದ ಬ್ಲೀಚ್ ದ್ರಾವಣ ಹಾಕಿ, ಹತ್ತು ನಿಮಿಷ ಬಿಟ್ಟು ನೀರಿನಲ್ಲಿ ತೊಳೆದು ಒಣಗಿಸಿ. ಕಿಟಕಿ ತೆರೆದಿರಲಿ, ಅಲ್ಲಿಯವರೆಗೆ ಪ್ರಾಣಿ ಬೇರೆ ಕೋಣೆಯಲ್ಲಿರಲಿ.

ಸ್ಪ್ರೇಗಳು. ನೊಣ, ಜಿರಳೆ ಸ್ಪ್ರೇಗಳಲ್ಲಿ ಹೆಚ್ಚಿನವು ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳು. ಅದೇ ಗುಂಪಿನ ಪರ್ಮೆಥ್ರಿನ್ ನಾಯಿಗೆ ತಡೆದುಕೊಳ್ಳಬಹುದಾದರೂ ಬೆಕ್ಕಿಗೆ ನಡುಕ, ಫಿಟ್ಸ್ ತರುತ್ತದೆ. ನಾಯಿಯ ಉಣ್ಣೆಗೆ ತಂದ ಔಷಧಿಯನ್ನು ನೊಣ ಬಾರದಿರಲಿ ಎಂದು ಬೆಕ್ಕಿಗೆ ಹಚ್ಚುವುದಂತೂ ಕೂಡದು. ಸೊಳ್ಳೆ ಬ್ಯಾಟ್ ಬಳಸುವುದಾದರೆ ಬಟ್ಟಲಿನ ಮೇಲೆ ಬೀಸಬೇಡಿ, ನೊಣದ ಚೂರುಗಳು ಊಟಕ್ಕೇ ಬೀಳುತ್ತವೆ. ಅಂಟುಹಾಳೆ ಒಳ್ಳೆಯದೇ, ಆದರೆ ಬೆಕ್ಕಿಗೆ ಎಟುಕದ ಎತ್ತರದಲ್ಲಿರಲಿ. ಅಕಸ್ಮಾತ್ ಕೂದಲಿಗೆ ಅಂಟಿಕೊಂಡರೆ ಅಡುಗೆ ಎಣ್ಣೆ ಹಚ್ಚಿ ನಿಧಾನವಾಗಿ ಬಿಡಿಸಿ. ಬಾಟಲಿಯಲ್ಲಿ ಮೀನಿನ ತಲೆ ಹಾಕಿ ಮಾಡುವ ನೊಣದ ಬಲೆಯನ್ನು ಅಡುಗೆಮನೆಯಲ್ಲಿ ಇಟ್ಟರೆ ಹೊರಗಿದ್ದ ನೊಣವನ್ನೂ ಕರೆದಂತೆ. ಅದರ ಜಾಗ ಹಿತ್ತಲ ಕೊನೆ.

ಹಾಗಾದರೆ ಏನು ಮಾಡಬೇಕು?

ಮಾಂಸ ತಂದ ದಿನವೇ ಒಂದೊಂದು ಹೊತ್ತಿಗೆ ಬೇಕಾದಷ್ಟನ್ನು ಬೇರೆ ಬೇರೆ ಪುಟ್ಟ ಡಬ್ಬಿಗಳಿಗೆ ಹಾಕಿ ಫ್ರೀಜರ್‌ಗೆ ಸೇರಿಸಿ. ಹಿಂದಿನ ರಾತ್ರಿ ಒಂದು ಡಬ್ಬಿಯನ್ನು ಕೆಳಗಿನ ಫ್ರಿಜ್‌ಗೆ ಇಳಿಸಿದರೆ ಬೆಳಗ್ಗೆ ಕರಗಿರುತ್ತದೆ. ಸಿಂಕ್‌ನಲ್ಲಿಟ್ಟು ಕರಗಿಸಿದರೆ ನೀವು ತಿನ್ನಿಸುವ ಮೊದಲೇ ಗಡಿಯಾರ ಓಡಲು ಶುರುವಾಗಿರುತ್ತದೆ. ಫ್ರೀಜ್ ಮಾಡಿದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ನಿದ್ದೆ ಮಾಡುತ್ತವೆ ಅಷ್ಟೆ. ಕರಗಿದ ಕೂಡಲೇ ಎಚ್ಚರವಾಗುತ್ತವೆ.

ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವುದು ನಮ್ಮಲ್ಲಿ ಬಿಡಲಾಗದ ಅಭ್ಯಾಸ. ಆದರೆ ಹಾರುವ ಹನಿಗಳ ಜೊತೆ ಬ್ಯಾಕ್ಟೀರಿಯಾ ಸಿಂಕ್, ಕಟ್ಟೆ, ಪಕ್ಕದ ತಟ್ಟೆಗಳಿಗೆಲ್ಲ ಹರಡುತ್ತದೆ. ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2014ರಲ್ಲಿ ಹಸಿ ಕೋಳಿ ತೊಳೆಯಬೇಡಿ ಎಂದೇ ಪ್ರಚಾರ ಮಾಡಿತ್ತು. ತೊಳೆಯಲೇಬೇಕೆಂದರೆ ಪಾತ್ರೆಯ ನೀರಿನಲ್ಲಿ ಮುಳುಗಿಸಿ ತೊಳೆದು, ನೀರನ್ನು ಮೆಲ್ಲಗೆ ಚೆಲ್ಲಿ. "ಒರೆಸಿದರೂ ಹೋಗದ ವಾಸನೆ" ಎಷ್ಟೋ ಸಲ ಈ ಹನಿಗಳದ್ದು, ಮತ್ತು ಒರೆಸುವ ಬಟ್ಟೆಯದ್ದೇ. ಮಾಂಸದ ಜಾಗ ಒರೆಸಿದ ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ ಬಿಸಿಲಿಗೆ ಒಣಗಿಸದೆ ಮತ್ತೆ ಬಳಸಿದರೆ ಮನೆಗೆಲ್ಲ ವಾಸನೆ ಬಳಿದಂತೆಯೇ.

ತಿನ್ನಿಸುವ ಜಾಗ ಒಂದೇ ಇರಲಿ. ನೆಲಹಾಸು, ದಿಂಬು, ಗೋಣಿಚೀಲ ಇರುವ ಕಡೆ ಬೇಡ. ಟೈಲ್ಸ್ ನೆಲ ಅಥವಾ ತೊಳೆಯಬಹುದಾದ ರಬ್ಬರ್ ಹಾಳೆ ಒಳ್ಳೆಯದು. ಗೀರು ಬಿದ್ದ ಪ್ಲಾಸ್ಟಿಕ್ ಬಟ್ಟಲು ವಾಸನೆ ಹಿಡಿದಿಟ್ಟುಕೊಳ್ಳುತ್ತದೆ, ಸ್ಟೀಲ್ ಹಿಡಿಯುವುದಿಲ್ಲ. ಸ್ಟೀಲ್ ಪಾತ್ರೆಗೆ ನಮ್ಮ ಮನೆಗಳಲ್ಲಿ ಕೊರತೆಯೂ ಇಲ್ಲ. ಇರುವೆ ಬರುವುದಾದರೆ ನೀರು ತುಂಬಿದ ಅಗಲ ತಟ್ಟೆಯೊಳಗೆ ಬಟ್ಟಲನ್ನಿಡಿ. ಪಕ್ಕದಲ್ಲಿ ಫ್ಯಾನ್ ತಿರುಗುತ್ತಿದ್ದರೆ ನೊಣಕ್ಕೆ ಬಂದು ಕೂರುವುದು ಕಷ್ಟ. ಯಾವ ಲವಂಗಕ್ಕಿಂತಲೂ ಇದು ಮೇಲು.

ಮುಖ್ಯವಾದದ್ದು ಇದು: ಇಪ್ಪತ್ತು, ಮೂವತ್ತು ನಿಮಿಷ ಕಾಯಿರಿ. ತಿನ್ನದೆ ಬಿಟ್ಟರೆ ತೆಗೆದುಬಿಡಿ. "ಆಮೇಲೆ ತಿನ್ನುತ್ತೆ ಬಿಡು" ಎಂದು ಬಿಟ್ಟ ಬಟ್ಟಲಿನಿಂದಲೇ ಎಲ್ಲ ಶುರುವಾಗುವುದು. ಆರೋಗ್ಯವಂತ ನಾಯಿ ಮುಂದಿನ ಹೊತ್ತಿಗೆ ಹಸಿದು ತಾನೇ ಬರುತ್ತದೆ. ಬೆಕ್ಕು ಮಾತ್ರ ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಪಶುವೈದ್ಯರಿಗೆ ತೋರಿಸಿ, ಬೆಕ್ಕಿನ ಯಕೃತ್ತು ಉಪವಾಸ ತಾಳುವುದಿಲ್ಲ.

ಉಳಿದ ಎಲುಬು, ಚರ್ಮ, ಕೊಬ್ಬಿನದ್ದು ಇನ್ನೊಂದು ತಲೆನೋವು. ಹಸಿ ಕಸದ ಗಾಡಿ ಬೆಳಗ್ಗೆ ಬರುತ್ತದೆ, ನೀವು ಮಾಂಸ ಹಾಕುವುದು ಸಂಜೆ. ಆ ರಾತ್ರಿಯೇ ನೊಣಕ್ಕೆ ಮೊಟ್ಟೆಯಿಡಲು ಸಾಕು. ಒಂದು ಹಳೆಯ ಡಬ್ಬಿಯಲ್ಲಿ ಹಾಕಿ, ಬಿಗಿಯಾಗಿ ಮುಚ್ಚಿ, ಫ್ರೀಜರ್‌ನಲ್ಲಿಟ್ಟು ಗಾಡಿ ಬಂದಾಗಲೇ ಹೊರತೆಗೆಯಿರಿ. ಕಸವನ್ನು ಫ್ರಿಜ್‌ನಲ್ಲಿಡುವುದೇ ಎಂದು ಮನೆಯವರು ಮುಖ ಸಿಂಡರಿಸಬಹುದು. ಆದರೆ ಅದು ಒಂದು ಗಂಟೆ ಮೊದಲು ಅದೇ ಫ್ರಿಜ್‌ನಲ್ಲಿದ್ದ ಮಾಂಸವೇ ಅಲ್ಲವೇ?

ಇದು ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಇನ್ನೂ ಮುಖ್ಯ. ಬಾಡಿಗೆಗೆ ಕೊಡುವಾಗಲೇ ಮಾಂಸಾಹಾರ ಬೇಡ ಎನ್ನುವ ಮಾಲೀಕರಿದ್ದಾರೆ, ಮೆಟ್ಟಿಲಲ್ಲಿ ಮೂಗು ಮುಚ್ಚಿಕೊಳ್ಳುವ ನೆರೆಯವರಿದ್ದಾರೆ. ಅವರೆಲ್ಲರ ಆಕ್ಷೇಪವೂ ನ್ಯಾಯವಲ್ಲ ಎಂಬುದು ನಮ್ಮ ಅಭಿಪ್ರಾಯ. ಆದರೆ ನಿಮ್ಮ ಬಾಲ್ಕನಿಯಲ್ಲಿ ಹುಟ್ಟಿದ ನೊಣ ಪಕ್ಕದ ಮನೆಯ ಮಗುವಿನ ಹಾಲಿನ ಮೇಲೆ ಕೂತರೆ ಅವರು ದೂರುವುದರಲ್ಲಿ ತಪ್ಪಿಲ್ಲ. ನೊಣ ತನ್ನ ಎಂಜಲು ಉಗುಳಿ ಆಹಾರವನ್ನು ಕರಗಿಸಿ ಹೀರುತ್ತದೆ. ಕಾಲಿಗೆ ಅಂಟಿದ್ದನ್ನು ಹೊತ್ತು ತರುತ್ತದೆ.

ನೊಣದ ಹುಳ ಬೇರೆ, ಜಂತುಹುಳ ಬೇರೆ

"ಹುಳ ಇದ್ದ ಮಾಂಸ ತಿಂದು ನಾಯಿಯ ಹೊಟ್ಟೆಯಲ್ಲಿ ಹುಳವಾಯಿತು" ಎಂಬ ಮಾತು ಅರ್ಧ ಸತ್ಯ. ನೊಣದ ಮರಿಹುಳ ಸಾಮಾನ್ಯವಾಗಿ ಹೊಟ್ಟೆಗೆ ಹೋದರೆ ಜೀರ್ಣವಾಗುತ್ತದೆ. ಅದು ಜಂತುಹುಳವಾಗುವುದಿಲ್ಲ. ಆದರೆ ಹಸಿ ಮಾಂಸದಿಂದ ಜಂತುಹುಳ ಬರುವುದು ನಿಜ, ದಾರಿ ಬೇರೆ. ಕುರಿ, ಮೇಕೆಗಳ ಯಕೃತ್ತು, ಶ್ವಾಸಕೋಶಗಳಲ್ಲಿ ನೀರು ತುಂಬಿದ ಗುಳ್ಳೆಗಳಿರಬಹುದು. ಅವು ಎಕಿನೊಕಾಕಸ್ ಎಂಬ ಲಾಡಿಹುಳದ ಮರಿಗಳ ಮನೆ. ಕಸಾಯಿಖಾನೆಯ ಇಂತಹ ಹಸಿ ಅಂಗಾಂಗ ತಿಂದ ನಾಯಿಯ ಕರುಳಿನಲ್ಲಿ ಆ ಹುಳ ಬೆಳೆದು, ಮಲದಲ್ಲಿ ಮೊಟ್ಟೆ ಬಿಡುತ್ತದೆ. ಅದು ಕೈ, ಕೂದಲು, ಮಣ್ಣಿನ ಮೂಲಕ ಮನುಷ್ಯರ ಹೊಟ್ಟೆ ಸೇರಿದರೆ ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ವರ್ಷಗಟ್ಟಲೆ ಬೆಳೆಯುವ ಹೈಡಾಟಿಡ್ ಗಡ್ಡೆಯಾಗುತ್ತದೆ. ನಾಯಿಗೆ ತಲೆಮಾಂಸ, ಬೋಟಿ, ಲಿವರ್ ಹಾಕುವುದಾದರೆ ಚೆನ್ನಾಗಿ ಬೇಯಿಸಿ ಹಾಕಿ. ಜಂತುಹುಳದ ಔಷಧಿಯನ್ನು ಪಶುವೈದ್ಯರು ಹೇಳಿದ ಅವಧಿಗೆ ತಪ್ಪದೆ ಕೊಡಿ.

ಬೆಕ್ಕಿನ ವಿಷಯದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಭಯವಿದೆ, ಮುಖ್ಯವಾಗಿ ಗರ್ಭಿಣಿಯರಿರುವ ಮನೆಯಲ್ಲಿ. ಸೋಂಕಿನ ಬೆಕ್ಕಿನ ಮಲದಲ್ಲಿ ಬರುವ ಅದರ ಮೊಟ್ಟೆಯಂತಹ ಕೋಶಗಳು ಸೋಂಕು ಹರಡುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ಮರಳಿನ ತಟ್ಟೆಯನ್ನು ಪ್ರತಿದಿನ ಗರ್ಭಿಣಿಯಲ್ಲದ ಬೇರೆಯವರು ತೆಗೆದರೆ ಅಪಾಯ ಬಹಳಷ್ಟು ತಗ್ಗುತ್ತದೆ. ಇಲ್ಲೂ ಸಮಯದ್ದೇ ಲೆಕ್ಕ.

ಇನ್ನು ನಾಯಿಯ ಗಾಯಕ್ಕೆ, ಕೊಳೆಯಾದ ಹಿಂಭಾಗದ ಕೂದಲಿಗೆ ನೊಣ ಮೊಟ್ಟೆಯಿಟ್ಟು ಹುಳ ಬೀಳುವುದು ತುರ್ತಾದ ಸಂಗತಿ. ಜೀವಂತ ಮಾಂಸವನ್ನೇ ಕೊರೆಯುವ ನೊಣದ ಜಾತಿಯೂ ನಮ್ಮ ದೇಶದಲ್ಲಿದೆ. ಸೀಮೆಎಣ್ಣೆ, ಪೆಟ್ರೋಲ್, ನುಸಿಗುಳಿಗೆಯ ಪುಡಿ ಸುರಿಯಿರಿ ಎನ್ನುವ ವಿಡಿಯೊಗಳನ್ನು ನಂಬಬೇಡಿ. ಅದೇ ದಿನ ಪಶು ಆಸ್ಪತ್ರೆಗೆ ಕರೆದೊಯ್ಯಿರಿ.

ಹಸಿಯಾಗಿಯೇ ಹಾಕಬೇಕೇ?

ಹಸಿ ಮಾಂಸವೇ ಪ್ರಾಣಿಗೆ ಸಹಜ ಆಹಾರ, ಬೇಯಿಸಿದರೆ ಸತ್ವ ಹೋಗುತ್ತದೆ ಎಂಬ ವಾದ ಜೋರಾಗಿಯೇ ಇದೆ. ಅಮೆರಿಕದ ಪಶುವೈದ್ಯರ ಸಂಘ ಮಾತ್ರ 2012ರಿಂದಲೇ ಹಸಿ ಪ್ರಾಣಿಜನ್ಯ ಆಹಾರ ಹಾಕುವುದನ್ನು ಪ್ರೋತ್ಸಾಹಿಸುತ್ತಿಲ್ಲ. ಈಚೆಗೆ ಇನ್ನೊಂದು ಕಾರಣವೂ ಸೇರಿದೆ. 2024ರ ಕೊನೆಯಲ್ಲಿ ನಾಗಪುರದ ಗೋರೆವಾಡಾ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ ಎಚ್‌5ಎನ್‌1 ಹಕ್ಕಿಜ್ವರದಿಂದ ಸತ್ತವು. ಕೋಳಿ ಮಾಂಸದಿಂದ ಬಂದಿರಬಹುದು ಎಂಬ ಶಂಕೆ ವ್ಯಕ್ತವಾಯಿತು. 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕು ಬೆಕ್ಕುಗಳಲ್ಲೂ ಅದೇ ವೈರಸ್ ಪತ್ತೆಯಾಯಿತು. ಆ ದಿನಗಳಲ್ಲೇ ನಮ್ಮ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳ ಕೋಳಿಗಳಲ್ಲೂ ಹಕ್ಕಿಜ್ವರ ಕಾಣಿಸಿತ್ತು. ಬೆಕ್ಕು ಮತ್ತು ಫೆರೆಟ್ ಎರಡೂ ಇನ್‌ಫ್ಲುಯೆಂಜಾಗೆ ಬಲಿಯಾಗಬಲ್ಲ ಪ್ರಾಣಿಗಳು. ಮನುಷ್ಯರ ಫ್ಲೂ ವೈರಸ್ಸನ್ನು 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಮೊದಲು ಬೇರ್ಪಡಿಸಿದ್ದೇ ಫೆರೆಟ್‌ಗಳ ನೆರವಿನಿಂದ.

ನಮ್ಮ ಮಾತು ಕೇಳುವಿರಾದರೆ, ಅಂಗಡಿಯ ಕೋಳಿಯನ್ನು ಬೇಯಿಸಿಯೇ ಹಾಕಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಬೇಡ. ಬೆಂದ ಎಲುಬು ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುವುದರಿಂದ ಎಲುಬು ತೆಗೆದುಬಿಡಿ. ಬೆಂದ ಮಾಂಸಕ್ಕೂ ನೊಣ ಬರುತ್ತದೆ. ಆದ್ದರಿಂದ ಅರ್ಧ ಗಂಟೆಯ ನಿಯಮ ಆಗಲೂ ಬಿಡಬೇಡಿ. ಬರೀ ಕೋಳಿ ಮಾಂಸದಲ್ಲಿ ಬೆಕ್ಕಿಗೆ ಬೇಕಾದ ಕ್ಯಾಲ್ಸಿಯಂ, ಟಾರಿನ್ ಸಾಲದು. ಅದನ್ನೇ ಮುಖ್ಯ ಆಹಾರ ಮಾಡುವ ಮೊದಲು ಪಶುವೈದ್ಯರೊಡನೆ ಮಾತಾಡಿ.

ಬೆಕ್ಕು ಫಿನಾಯಿಲ್ ತುಳಿದಿದ್ದರೆ, ನುಸಿಗುಳಿಗೆ ಅಥವಾ ಕರ್ಪೂರ ಕಚ್ಚಿದ್ದರೆ ಹೀಗೆ ಮಾಡಿ. ಪಾದ, ಮೈಯನ್ನು ಉಗುರುಬೆಚ್ಚಗಿನ ನೀರು ಮತ್ತು ಮೃದು ಸೋಪಿನಿಂದ ತಕ್ಷಣ ತೊಳೆದು, ಟವೆಲ್‌ನಲ್ಲಿ ಸುತ್ತಿ ನೆಕ್ಕದಂತೆ ಹಿಡಿಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಫಿನಾಯಿಲ್ ಮೇಲೆ ಬರುವಾಗ ಗಂಟಲನ್ನು ಮತ್ತೊಮ್ಮೆ ಸುಡುತ್ತದೆ. ಹಾಲನ್ನೂ ಒತ್ತಾಯದಿಂದ ಕುಡಿಸಬೇಡಿ. ಜೊಲ್ಲು ಸುರಿಯುವುದು, ತೂರಾಡುವುದು, ಒಸಡು ಬಿಳಿಚಿಕೊಳ್ಳುವುದು ಕಾಣುವ ತನಕ ಕಾಯಬೇಡಿ. ಬಾಟಲಿಯನ್ನೋ ಪೊಟ್ಟಣವನ್ನೋ ಜೊತೆಗೆ ತೆಗೆದುಕೊಂಡೇ ಪಶುವೈದ್ಯರ ಬಳಿ ಹೋಗಿ. ಒಳಗೆ ಯಾವ ರಾಸಾಯನಿಕವಿದೆ ಎಂಬುದು ಅವರಿಗೆ ಮೊದಲು ಗೊತ್ತಾಗಬೇಕು.